ಹೆಪ್ಪಿಗೆ ಹೋದದ್ದು

“ಗುರುಗಳೇ, ಹೀಗಾಗುತ್ತದೆ ಎಂದು ಲೆಕ್ಕ ಹಾಕಿ ಹೇಳಿದ್ದು ಆಗದೇ ಹೋದರೆ ಆ ಲೆಕ್ಕಕ್ಕೆ ಏನು ಬೆಲೆ?” ಎಂದು ಶಿಷ್ಯ ಕೇಳಿದ.

“ಆತುರಗಾರನಿಗೆ ಬುದ್ಧಿ ಮಟ್ಟ. ಮೊದಲು ಕತೆ ಕೇಳು,” ಎಂದು ಗುರು ಶುರುಮಾಡಿದರು.

ಒಂದು ಊರಿಗೆ ಅಂಟುಜ್ವರ ಬಂತು. ಮಕ್ಕಳು ಸಾಯತೊಡಗಿದರು. ಊರಿನ ಯಜಮಾನ ಒಬ್ಬ ಗಣಿತಜ್ಞೆಯನ್ನು ಕರೆಸಿದ. ಅವಳು ಹೇಳಿದಳು: ಒಬ್ಬ ರೋಗಿಯಿಂದ ಸರಾಸರಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಅಂಟಿದರೆ ಜ್ವರ ಬೆಳೆಯುತ್ತದೆ, ಒಬ್ಬರಿಗಿಂತ ಕಡಿಮೆಯಾದರೆ ತಾನೇ ಆರಿಹೋಗುತ್ತದೆ. ಆದ್ದರಿಂದ ಯಾರೂ ಯಾರ ಮನೆಗೂ ಹೋಗಬೇಡಿ.

ಊರು ಬಾಗಿಲು ಹಾಕಿಕೊಂಡಿತು. ಲೆಕ್ಕದ ಪ್ರಕಾರ ಜ್ವರ ಇಳಿಯಬೇಕಿತ್ತು. ಇಳಿಯಲಿಲ್ಲ. ಲೆಕ್ಕ ತಪ್ಪಿದೆ ಎಂದ ಯಜಮಾನ. ಆಕೆ ಗರ್ವಿಷ್ಠೆ. ಆ ಗರ್ವ ಅವಳಿಗೆ ಒಪ್ಪುತ್ತಿತ್ತು. ಲೆಕ್ಕ ತಪ್ಪಿಲ್ಲ, ಎಲ್ಲೋ ಒಂದು ಬಾಗಿಲು ತೆರೆದಿದೆ ಎಂದವಳೇ ಮನೆಮನೆಯ ಮುಂದೆ ನಿಂತು ವಿಚಾರಿಸಿದಳು. ಎಲ್ಲರೂ ಎಲ್ಲೂ ಹೋಗಿಲ್ಲ ಎಂದರು. ಪಾಪ, ಅವರು ಸುಳ್ಳು ಹೇಳುತ್ತಿರಲಿಲ್ಲ. ಅಷ್ಟರಲ್ಲಿ, ಹಾಗೆ ಹೇಳಿದ್ದ ಒಬ್ಬ ಗೃಹಿಣಿಯೇ ಬಟ್ಟಲು ಹಿಡಿದು ಪಕ್ಕದ ಮನೆಯಿಂದ ಹೊರಬಂದಳು.

“ಎಲ್ಲೂ ಹೋಗಿಲ್ಲ ಎಂದಿರಲ್ಲ ತಾಯಿ?”

“ಹೆಪ್ಪಿಗೆ ಹೋದದ್ದೂ ಒಂದು ಹೋಗೋದೇನಮ್ಮ? ಮೊಸರು ಪೂರ್ತಿ ಮುಗಿದುಹೋಯ್ತು, ಹಾಲಿಗೆ ಬಿಡೋಕೆ ಒಂದು ಚಮಚ ಇಸ್ಕೊಂಡು ಬಂದೆ.”

ಊರಿನಲ್ಲಿ ದಿನವೂ ಹೀಗೆ ಯಾರಾದರೊಬ್ಬರು ಇನ್ನೊಬ್ಬರ ಅಡುಗೆಮನೆಗೆ ಹೋಗುತ್ತಿದ್ದರು, ಕೂತು ಎರಡು ಮಾತಾಡಿ ಬರುತ್ತಿದ್ದರು. ಅದನ್ನು ಯಾರೂ ಹೋಗುವುದು ಎನ್ನುತ್ತಿರಲಿಲ್ಲ. ಗಣಿತಜ್ಞೆ ಅದನ್ನೂ ಲೆಕ್ಕಕ್ಕೆ ಸೇರಿಸಿದಳು. ಲೆಕ್ಕ ತಾಳೆಯಾಯಿತು. ಇದು ನಿಲ್ಲದಿದ್ದರೆ ಯುಗಾದಿಯ ಹೊತ್ತಿಗೆ ಅರ್ಧ ಊರು ಹಾಸಿಗೆ ಹಿಡಿಯುತ್ತದೆ, ಹೆಪ್ಪಿನ ಬದಲು ಹಾಲಿಗೆ ಮೆಣಸಿನಕಾಯಿ ತೊಟ್ಟು ಹಾಕಿಕೊಳ್ಳಿ ಎಂದು ಡಂಗುರ ಹೊಡೆಸಿದಳು. ಹೆಂಗಸರು ಗೊಣಗಿದರು. ಆದರೂ ಮಕ್ಕಳ ಮುಖ ನೋಡಿ ಪಾಲಿಸಿದರು. ಜ್ವರ ಇಳಿಯಿತು.

ಯುಗಾದಿಯ ದಿನ ಊರಿಗೆ ಊರೇ ಚಾವಡಿಯಲ್ಲಿ ನೆರೆದು ನಕ್ಕಿತು. ಅರ್ಧ ಊರು ಎಂದಿದ್ದಳು, ಆಮೇಲೆ ನಾಲ್ಕು ಜನವೂ ಮಲಗಲಿಲ್ಲ. ಇವಳ ಮಾತು ಕಟ್ಟಿಕೊಂಡು ನೀರುನೀರು ಮೊಸರು ಉಂಡದ್ದಷ್ಟೇ ಬಂತು ಎಂದರು. ಇನ್ನು ನಿನ್ನ ಲೆಕ್ಕ ನಮಗೆ ಬೇಡ ಎಂದ ಯಜಮಾನ. ಅವಳು ತಲೆ ತಗ್ಗಿಸಲಿಲ್ಲ. “ಸುಳ್ಳಾಗಲಿ ಎಂದೇ ಹೇಳಿದ್ದೆ,” ಎಂದು ಎದೆಯುಬ್ಬಿಸಿ ನಡೆದಳು. ಆ ಹೆಂಗಸನ್ನು ನೆನೆದರೆ ನನಗೂ ಹೆಮ್ಮೆ.

ಶಿಷ್ಯ ಬಿಡಲಿಲ್ಲ. “ಅಂತೂ ಅವಳ ಲೆಕ್ಕ ಸುಳ್ಳಾಯಿತಲ್ಲ ಗುರುಗಳೇ?”

“ಅವಳನ್ನು ನೋಡಿ ನಗುವುದಕ್ಕೆ ಎಷ್ಟು ಜನ ಉಳಿದಿದ್ದರು, ಎಣಿಸಿದೆಯಾ?” ಎಂದರು ಗುರು.