ರುಮಾಲು ಬಿಡದ ವರ್ತಕ

"ಬುದ್ಧಿ, ಅಂಕಿ ಮೀರಿದವನ ಕೈಯಲ್ಲಿ ಪೂಜೆಯ ನೀರು ಹೊರಿಸಬಹುದೇ?" ಎಂದು ಶಿಷ್ಯ ಮಡಿವಾಳಯ್ಯ ಗುರುಗಳನ್ನು ಕೇಳಿದ.

ಅಂದು ಮಠಕ್ಕೆ ಆರೋಗ್ಯ ತಪಾಸಣೆಯವರು ಬಂದಿದ್ದರು. ಎಲ್ಲರ ತೂಕವನ್ನು ಅವರವರ ಎತ್ತರದಿಂದ ಎರಡು ಸಲ ಭಾಗಿಸಿ, ಬಂದ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಟ್ಟರು. ಇಪ್ಪತ್ತೈದು ದಾಟಿದವರು ರಕ್ತ ಪರೀಕ್ಷೆಗೆ ಬರಬೇಕೆಂದರು. ನೀರು ಹೊರುವ ಕರಿಬಸಯ್ಯನದು ಇಪ್ಪತ್ತೇಳು. ಮಡಿವಾಳಯ್ಯನದು ಇಪ್ಪತ್ನಾಲ್ಕು. ಹತ್ತು ವರ್ಷಗಳಿಂದ ಆ ಸೇವೆಯ ಮೇಲೆ ಮಡಿವಾಳಯ್ಯನ ಕಣ್ಣಿತ್ತು. ಬೆಳಗಾದರೆ ಗುರುಗಳ ಬಾಯಲ್ಲಿ ಮೊದಲು ಬರುತ್ತಿದ್ದದ್ದು ಕರಿಬಸಯ್ಯನ ಹೆಸರು. ಅದು ಕಿವಿಗೆ ಬಿದ್ದಾಗಲೆಲ್ಲ ಇವನು ಕೈಯಲ್ಲಿದ್ದ ಕೆಲಸ ಬಿಟ್ಟು ಗೊಣಗುತ್ತಿದ್ದ.

"ಅವನಿಗೆ ನಾಲಿಗೆ ಹಿಡಿತದಲ್ಲಿಲ್ಲ, ಬುದ್ಧಿ. ನಾನಲ್ಲ, ಚೀಟಿಯೇ ಹೇಳುತ್ತದೆ," ಎಂದು ನೆತ್ತಿಯ ಮೇಲಿನ ಜಡೆಗಂಟನ್ನು ಸವರಿಕೊಂಡ.

ಗುರುಗಳು ಗದರಲಿಲ್ಲ. ಅವರ ಕರುಣೆ ಅಂಥದ್ದು. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನ ಅಂಗಡಿಯ ಎದುರಿಗೇ ಒಬ್ಬ ಪೈಲ್ವಾನನ ಗರಡಿ. ಬೀದಿಯಲ್ಲಿ ಹೋಗುವವರು ಪೈಲ್ವಾನನಿಗೆ ಕೈಮುಗಿಯುತ್ತಿದ್ದರು, ವರ್ತಕನನ್ನು ಬೆಲ್ಲದ ದರ ಕೇಳುತ್ತಿದ್ದರು. ವರ್ತಕನಿಗೆ ಅದು ಸಹಿಸದು.

ಆ ಊರಿಗೂ ಒಮ್ಮೆ ಹೀಗೆಯೇ ಅಳೆಯುವವರು ಬಂದರು. ಸಾಲಿನಲ್ಲಿ ಪೈಲ್ವಾನ ಮುಂದೆ, ವರ್ತಕ ಹಿಂದೆ. ಪೈಲ್ವಾನನ ಅಂಕಿ ಇಪ್ಪತ್ತೆಂಟು ಬಂತು. ಒಳಗೆ ವೈದ್ಯರ ಹತ್ತಿರ ಹೋಗಿ ಎಂದರು. ಇವನನ್ನು ಸೋಲಿಸಲು ದೇವರೇ ಕೊಟ್ಟ ದಿನ ಎಂದುಕೊಂಡ ವರ್ತಕ. ಎತ್ತರ ಹೆಚ್ಚಿದರೆ ಅಂಕಿ ಇಳಿಯುತ್ತದೆಂಬ ಲೆಕ್ಕ ಅವನಿಗೆ ತಿಳಿದಿತ್ತು. ಚಪ್ಪಲಿ ಬಿಟ್ಟ, ತಲೆಯ ರುಮಾಲು ಬಿಡಲಿಲ್ಲ.

"ರುಮಾಲು ತೆಗೀರಿ, ಸಾಹುಕಾರರೇ," ಎಂದಳು ಅಳೆಯುವವಳು.

"ಹರಕೆಯ ರುಮಾಲಮ್ಮಾ. ದೇವರ ಮುಂದೆ ಬಿಟ್ಟರೆ ಬೇರೆಲ್ಲೂ ತೆಗೆಯುವಂತಿಲ್ಲ."

ಅವಳು ನಂಬಿದಳು. ನಾಲ್ಕು ಬೆರಳು ಎತ್ತರ ಸಿಕ್ಕಿತು. ಅಂಕಿ ಇಪ್ಪತ್ನಾಲ್ಕಕ್ಕೆ ನಿಂತಿತು. ನೀವು ಮನೆಗೆ ಹೋಗಬಹುದು ಎಂದರು.

"ಏನು ಪೈಲ್ವಾನರೇ, ಈ ಕುಸ್ತೀಲಿ ನೀವೇ ಚಿತ್ ಆದಿರಲ್ಲ!" ಎಂದು ವರ್ತಕ ಬಾಗಿಲಲ್ಲಿ ನಿಂತು ಕೂಗಿದ.

"ಆದೆ ಅಣ್ಣಾ, ಆದೆ," ಎಂದು ಪೈಲ್ವಾನ ನಗುತ್ತ ಒಳಗೆ ಹೋದ. ಒಳಗೆ ಸೊಂಟ ಅಳೆದರು, ರಕ್ತ ನೋಡಿದರು. ಸಾಮು ಮಾಡಿ ಗಟ್ಟಿಯಾದ ಮೈ, ರೋಗವೇನೂ ಇರಲಿಲ್ಲ. ಕಳಿಸಿಕೊಟ್ಟರು.

ವರ್ತಕನ ರಕ್ತದಲ್ಲಿ ಸಕ್ಕರೆ ಹೆಚ್ಚಿತ್ತು. ಅದನ್ನು ನೋಡಿದವರಿಲ್ಲ. ವರ್ಷ ತುಂಬುವುದರೊಳಗೆ ಕಾಲ್ಬೆರಳಿನ ಗಾಯ ಕೊಳೆತು, ಅವನು ಅಂಗಡಿಯಲ್ಲೇ ಕುಸಿದ. ಎದುರಿನಿಂದ ಓಡಿ ಬಂದವನು ಪೈಲ್ವಾನ. ಅವನನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದ. ದಾರಿಯಲ್ಲಿ ರುಮಾಲು ಬಿಚ್ಚಿ ಬಿತ್ತು. ಅದನ್ನೆತ್ತಲು ಯಾರೂ ನಿಲ್ಲಲಿಲ್ಲ.

ಬೆರಳು ತೆಗೆಯಬೇಕಾಯಿತು. ವರ್ತಕ ರುಮಾಲಿನ ಗುಟ್ಟು ಒಪ್ಪಿಕೊಂಡ. "ಆ ಅಂಕಿ ಯಾರ ಗುಣವನ್ನೂ ಹೇಳುವುದಿಲ್ಲ, ರೋಗವನ್ನೂ ಹೇಳುವುದಿಲ್ಲ. ಯಾರನ್ನು ಒಳಗೆ ಕರೆದು ನೋಡಬೇಕೆಂದು ಮಾತ್ರ ಹೇಳುತ್ತದೆ. ಆ ದಿನ ನೀವು ಒಳಗೆ ಬಂದಿದ್ದರೆ ಬೆರಳು ಉಳಿಯುತ್ತಿತ್ತು," ಎಂದರು ವೈದ್ಯರು.

ಕತೆ ಮುಗಿಯಿತು.

"ಬುದ್ಧಿ, ಎಂಥ ದಡ್ಡ ಆ ವರ್ತಕ!" ಎಂದ ಮಡಿವಾಳಯ್ಯ.

ಗುರುಗಳು ಅವನ ನೆತ್ತಿಯನ್ನೇ ನೋಡುತ್ತ ಮೆಲ್ಲಗೆ ಹೇಳಿದರು: "ನಾಳೆ ಜಡೆ ಬಿಚ್ಚಿಕೊಂಡು ಹೋಗಿ ಇನ್ನೊಮ್ಮೆ ಅಳೆಸಿಕೋ ಮಗು, ಕರಿಬಸಯ್ಯ ಜೊತೆಗೆ ಬರುತ್ತಾನೆ."