ಆಚೆ ದಡದಿಂದ ಕಂಡ ಕೊಂಬೆ

ಕೆರೆಯಂಚಿನ ಜಾಲಿಮರದ ಒಂದೇ ಕೊಂಬೆಯಲ್ಲಿ ಎರಡು ಗಂಡು ಗೀಜಗಗಳು ಗೂಡು ನೇಯುತ್ತಿದ್ದವು. ಹೆಣ್ಣು ಬಂದು ಗೂಡನ್ನು ಒಪ್ಪಿದರೆ ಸಂಸಾರ, ಇಲ್ಲವಾದರೆ ಆ ವರ್ಷವೆಲ್ಲ ಒಂಟಿ ಬಾಳು. ಹಿರಿಯವನು ಬೆಳಗಿನಿಂದ ಬೈಗಿನವರೆಗೆ ಗೂಡಿಗೇ ಅಂಟಿಕೊಂಡಿರುತ್ತಿದ್ದ. ಕಿರಿಯವನು ಹತ್ತು ಎಳೆ ನೇಯ್ದು ಕಣ್ಣು ಮಂಜಾದೊಡನೆ ಹಾರಿಹೋಗಿ, ಕೆರೆಯಲ್ಲಿ ಮಿಂದು, ಆಚೆ ದಡದಲ್ಲಿ ರೆಕ್ಕೆ ಒಣಗಿಸಿಕೊಂಡು ಬರುತ್ತಿದ್ದ.

"ಮತ್ತೆ ಹೊರಟೆಯಾ ತಮ್ಮಾ? ಹೀಗೆ ಅಲೆಯುವವನ ಗೂಡಿಗೆ ಯಾವಳು ಬಂದಾಳು?" ಎಂದು ಹಿರಿಯವನು ಹಂಗಿಸಿದ.

"ಕೊಕ್ಕು ದಣಿದಿದೆ ಅಣ್ಣಾ, ಈಗ ಬಂದೆ" ಎಂದು ಕಿರಿಯವನು ಹಾರಿದ.

ಅಂದು ದಡದಲ್ಲಿ ಕೂತು ಸುಮ್ಮನೆ ಮರದತ್ತ ನೋಡಿದ. ಮರವೆಲ್ಲ ಹಸಿರು, ತಮ್ಮಿಬ್ಬರ ಗೂಡು ತೂಗುತ್ತಿದ್ದ ಕೊಂಬೆಯೊಂದೇ ಒಣಗಿ ಬೂದಿಬಣ್ಣ! ಗೂಡಿನಲ್ಲಿ ಕೂತಾಗ ಎಳೆ ಕಂಡಿತ್ತೇ ಹೊರತು ಕೊಂಬೆ ಕಂಡಿರಲಿಲ್ಲ. ಒಂದೇ ಉಸಿರಿಗೆ ಹಾರಿ ಬಂದ.

"ಅಣ್ಣಾ, ಕೊಂಬೆ ಸತ್ತಿದೆ. ಒಮ್ಮೆ ಆ ದಡದಿಂದ ನೋಡು ಬಾ."

"ನಿನ್ನ ಹಾಗೆ ನನಗೆ ಪುರುಸೊತ್ತಿಲ್ಲಪ್ಪ."

ಕಿರಿಯವನು ಮಿಂದ ಹುರುಪಿನಲ್ಲೇ ಹಸಿ ಕೊಂಬೆ ಹಿಡಿದು ಹೊಸ ಗೂಡು ನೇಯ್ದ. ವಾರ ಕಳೆದು ಹೆಣ್ಣು ಬಂದಳು. ಹಿರಿಯವನ ಅಚ್ಚುಕಟ್ಟಾದ ಗೂಡನ್ನು ಮೆಚ್ಚಿ ಒಮ್ಮೆ ಜಗ್ಗಿದಳು. ಕೊಂಬೆ ಲಟಕ್ಕನೆ ಮುರಿದು ಗೂಡು ಕೆರೆಗೆ ಬಿತ್ತು. ಕಿರಿಯವನ ಗೂಡನ್ನೂ ಜಗ್ಗಿದಳು, ಜೋತುಬಿದ್ದು ತೂಗಿದಳು. ಅದು ಜಪ್ಪಯ್ಯ ಎನ್ನಲಿಲ್ಲ. ಒಳಹೊಕ್ಕು ಕೂತೇಬಿಟ್ಟಳು. ಕಿರಿಯವನು ಕೆರೆಯೆಲ್ಲ ಮೊಳಗುವಂತೆ ಕೂಗಿದ.

ಮರುದಿನ ಹಿರಿಯವನು ಮೊದಲ ಎಳೆ ಹಿಡಿಯುವ ಮುಂಚೆ ಮೆಲ್ಲಗೆ ಕೇಳಿದ: "ತಮ್ಮಾ, ಆ ದಡದಲ್ಲಿ ನೀನು ಕೂರುವ ಕಲ್ಲು ಯಾವುದು?"