ಆರಿಸದ ಹಲಗೆ

"ನೋವೇ ಇಲ್ಲದ ರೋಗಕ್ಕೆ ಮದ್ದು ಯಾಕೆ ಅವ್ವ?"

ಹಾಗೆ ಕೇಳಿದವನು ಶಾಂತಪ್ಪ, ಹೈಸ್ಕೂಲಿನಲ್ಲಿ ಕಬಡ್ಡಿ ಕಲಿಸುವ ಮಾಸ್ತರ. ಮೂವತ್ತು ಇನ್ನೂ ತುಂಬಿರಲಿಲ್ಲ. ಚಿಕ್ಕಂದಿನಿಂದಲೂ ಮಠದ ಅವ್ವನೇ ಅವನಿಗೆ ಗುರು.

ರಕ್ತ ಕೊಡಲೆಂದು ಶಿಬಿರಕ್ಕೆ ಹೋದವನನ್ನು ಡಾಕ್ಟರು ತಿರುಗಿ ಕಳಿಸಿದ್ದರು. ಬಿಪಿ ವಿಪರೀತ ಏರಿದೆ ಎಂದಿದ್ದರು. ಸಾಲಿನಲ್ಲಿ ನಿಂತವರು ನಕ್ಕಿದ್ದರು: "ಏನ್ ಮಾಸ್ತರ್ರೇ, ಮನೇಲಿ ಜಗಳ ಆಡಿಕೊಂಡು ಬಂದಿರೇನು?" ಆಮೇಲೆ ಎಷ್ಟು ಸಲ ನೋಡಿಸಿದರೂ ಅದು ಇಳಿದಿರಲಿಲ್ಲ. ಮಾತ್ರೆ ಬರೆದುಕೊಟ್ಟರು. ಅವನು ಒಂದನ್ನೂ ನುಂಗಲಿಲ್ಲ. ತುಂಬು ಬಸುರಿ ಹೆಂಡತಿ ಬೇಡಿಕೊಂಡಳು, ಅತ್ತಳು, ಕೊನೆಗೆ ಮಾತು ಬಿಟ್ಟಳು.

"ಬಿಪಿ ಸಿಟ್ಟಿನವರಿಗೆ ಬರುವುದಲ್ಲವೇ?" ಎಂದ ಶಾಂತಪ್ಪ. "ನಾನು ಹುಡುಗರ ಮೇಲೆ ಕೂಡ ಕೈ ಎತ್ತಿದವನಲ್ಲ. ಮೈದಾನ ಸುತ್ತಿದರೆ ಉಬ್ಬಸ ಇಲ್ಲ, ತಲೆನೋವು ಇಲ್ಲ. ಈ ವಯಸ್ಸಿಗೇ ಮಾತ್ರೆ ಹಿಡಿದರೆ ಸಾಯುವ ತನಕ ಬಿಡುವ ಹಾಗಿಲ್ಲವಂತೆ."

"ಸಿಟ್ಟು ಬೇರೆ, ಬಿಗಿ ಬೇರೆ" ಎಂದರು ಅವ್ವ. "ಕೇಳು."

ಒಂದು ಹೊಳೆಯ ದಂಡೆಯಲ್ಲಿ ಒಬ್ಬ ಹಲಗೆಯವನಿದ್ದ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಊರಿನವರು ನಡುಮರಳಿನಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದರು. ಮೇಲೆಲ್ಲೋ ಮಳೆಯಾದರೆ, ಇಲ್ಲಿ ಬಿಸಿಲಿರುವಾಗಲೇ ನೀರು ನುಗ್ಗಿ ಬರುತ್ತಿತ್ತು. ಅದನ್ನು ಕಂಡ ಕೂಡಲೇ ದಿಬ್ಬದ ಮೇಲಿಂದ ಹಲಗೆ ಬಾರಿಸುವುದು ಅವನ ಕೆಲಸ. ಸದ್ದು ಕೇಳಿದವರು ಬುಟ್ಟಿ ಬಿಸುಟು ದಂಡೆ ಹತ್ತುತ್ತಿದ್ದರು. ಅವನ ಹೆಂಡತಿಯ ಬಳ್ಳಿಗಳೂ ಆ ಮರಳಿನಲ್ಲೇ ಇದ್ದವು.

ಹಲಗೆಯನ್ನು ಬೆಂಕಿಗೆ ಹಿಡಿದರೆ ಚರ್ಮ ಬಿಗಿಯುತ್ತದೆ, ದನಿ ಏರುತ್ತದೆ. ಬಾರಿಸುವವರೆಲ್ಲ ಕಾಯಿಸುತ್ತಾರೆ. ಇವನು ಕಾಯಿಸಿದ್ದನ್ನು ಆರಲು ಬಿಡುತ್ತಿರಲಿಲ್ಲ. ಬಾರಿಸದ ಹೊತ್ತಿನಲ್ಲೂ ಅದು ಒಲೆಯ ಪಕ್ಕದ ಗೂಟದಲ್ಲೇ ತೂಗುತ್ತಿತ್ತು. ಬೆರಳು ತಾಕಿದರೆ ಸಾಕು, ಖಣ್ ಎನ್ನುತ್ತಿತ್ತು. ಅಂಥ ದನಿ ಸುತ್ತಿನ ಯಾವ ಊರಲ್ಲೂ ಇಲ್ಲವೆಂದು ಜನ ಹೊಗಳುತ್ತಿದ್ದರು.

ಅವನ ಸೋದರಮಾವನೂ ಹಲಗೆಯವನೇ. ಒಮ್ಮೆ ಮನೆಗೆ ಬಂದವನು ಹೇಳಿದ: "ಅಳಿಯಾ, ಇದನ್ನು ನೆರಳಿಗೆ ಹಾಕು. ದಿನಾ ಒಂದು ಸಲ ಒದ್ದೆ ಬಟ್ಟೆಯಿಂದ ಒರೆಸು. ಬಿಗಿ ಇಳಿಯಲಿ."

ಅಳಿಯ ನಕ್ಕ. "ಚೆನ್ನಾಗಿರುವುದಕ್ಕೂ ಚಾಕರಿಯೇ ಮಾವ? ಎಲ್ಲಿ, ಒಂದು ಬಿರುಕು ತೋರಿಸು ನೋಡೋಣ."

"ಬಿರುಕು ಬಿಟ್ಟ ಮೇಲೆ ನಾನು ಯಾಕೋ ತೋರಿಸಲಿ? ಊರೇ ತೋರಿಸುತ್ತದೆ."

ಹಲಗೆಯವನಿಗೆ ಆಗಲೂ ಸಿಟ್ಟು ಬರಲಿಲ್ಲ. ಮಾವನಿಗೆ ಊಟ ಹಾಕಿ, ಎಲೆ ಅಡಿಕೆ ಕೊಟ್ಟು ಕಳಿಸಿದ. ಹಲಗೆ ಗೂಟದಲ್ಲೇ ಉಳಿಯಿತು.

ಒಂದು ಮಧ್ಯಾಹ್ನ ಹೊಳೆಯ ತಿರುವಿನಲ್ಲಿ ಕೆಂಪು ನೀರು ಕಾಣಿಸಿತು. ಅವನು ಗೂಟದ ಹಲಗೆ ಎತ್ತಿಕೊಂಡು ದಿಬ್ಬಕ್ಕೆ ಓಡಿ, ಬಲವಾಗಿ ಹೊಡೆದ. ಚರ್ಮ ಅಂಚಿನಿಂದ ಅಂಚಿಗೆ ಸೀಳಿತು. ಮತ್ತೆ ಹೊಡೆದ, ಕೋಲು ಆಚೆಗೆ ತೂರಿತು. ಹಲಗೆ ಎಸೆದು ಕೂಗಿದ. ಎದುರುಗಾಳಿ ಕೂಗನ್ನು ಅವನ ಬಾಯಿಗೇ ತಿರುಗಿ ತುರುಕಿತು. ಮರಳಿನಲ್ಲಿ ಯಾರೂ ತಲೆ ಎತ್ತಲಿಲ್ಲ. ಹಲಗೆ ಸುಮ್ಮನಿದ್ದರೆ ಹೊಳೆಯೂ ಸುಮ್ಮನಿದೆ ಎಂದೇ ಅವರ ಲೆಕ್ಕ. ಅವನ ಹೆಂಡತಿ ನೀರಿಗೆ ಬೆನ್ನು ಹಾಕಿ, ಬಗ್ಗಿ, ಒಂದು ಕಾಯಿಯ ಮೇಲೆ ಎಲೆ ಮುಚ್ಚುತ್ತಿದ್ದಳು. ಅವನು ಇಳಿದು ಓಡತೊಡಗಿದ. ನೀರು ಅವನಿಗಿಂತ ಮುಂದಿತ್ತು.

ಅವ್ವ ಅಲ್ಲಿಗೆ ನಿಲ್ಲಿಸಿದರು.

ಶಾಂತಪ್ಪ ಕಾದ. ಕುಳಿತಲ್ಲಿಂದಲೇ ಮುಂದಕ್ಕೆ ಸರಿದ.

"ಆಮೇಲೆ? ಆ ಹೆಂಗಸು ದಂಡೆ ಹತ್ತಿದಳೋ ಇಲ್ಲವೋ? ಹೇಳಿ ಅವ್ವ!"

ಅವ್ವ ಅವನ ಮುಖ ನೋಡಿದರು.

"ಇನ್ನೂ ಮರಳಿನಲ್ಲೇ ಇದ್ದಾಳಪ್ಪ, ನಿನ್ನ ಹಲಗೆಯನ್ನು ನಂಬಿಕೊಂಡು."